ಮೈಮೇಲೆ ಬರೆದುಕೊಂಡ ಸಾಕ್ಷಿ



ಒಬ್ಬನ ಕೈಯಲ್ಲಿ ಒಂದು ಪೊಲರಾಯ್ಡ್ ಫೋಟೋ ಇದೆ. ಫೋಟೋದಲ್ಲಿ ರಕ್ತ, ಒಂದು ಹೆಣ. ಅವನು ಅದನ್ನು ನಡುನಡುವೆ ಕೊಡವುತ್ತಾನೆ. ಕೊಡವಿದ ಹಾಗೆಲ್ಲ ಚಿತ್ರ ಸ್ಪಷ್ಟವಾಗಬೇಕು, ಇಲ್ಲಿ ಮಾಸುತ್ತ ಹೋಗುತ್ತದೆ. ಕೊನೆಗೆ ಪೂರಾ ಬಿಳಿಚಿಕೊಂಡು ಕ್ಯಾಮೆರಾದೊಳಕ್ಕೆ ಸೇರಿಕೊಳ್ಳುತ್ತದೆ. ರಕ್ತ ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯುತ್ತದೆ, ಕೆಳಗೆ ಬಿದ್ದ ಕನ್ನಡಕ ಸತ್ತವನ ಮುಖಕ್ಕೆ ಹಾರುತ್ತದೆ, ಗುಂಡು ಪಿಸ್ತೂಲಿಗೆ ಮರಳುತ್ತದೆ, ಸತ್ತವನು ತಿರುಗಿ ಕೂಗುತ್ತಾನೆ. ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಮೆಮೆಂಟೋ’ ಶುರುವಾಗುವುದು ಹೀಗೆ. 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಇದರ ಮೊದಲ ಪ್ರದರ್ಶನವಾಯಿತು. ಆಗ ನೋಲನ್‌ಗೆ ವಯಸ್ಸು ಮೂವತ್ತು. ಕೈಯಲ್ಲಿದ್ದದ್ದು, ಅದಕ್ಕೆ ಹಿಂದೆ ಪುಡಿಗಾಸಿನಲ್ಲಿ, ಶನಿವಾರಗಳಂದು ಗೆಳೆಯರನ್ನು ಕೂಡಿಸಿಕೊಂಡು ತೆಗೆದ ಒಂದೇ ಒಂದು ಕಪ್ಪು-ಬಿಳುಪು ಚಿತ್ರ.

ಕಥೆ ಹುಟ್ಟಿದ್ದು ಅವರ ತಮ್ಮ ಜೊನಾಥನ್ ತಲೆಯಲ್ಲಿ. ಅಣ್ಣ ತಮ್ಮ ಇಬ್ಬರೂ ಶಿಕಾಗೋದಿಂದ ಲಾಸ್ ಏಂಜಲೀಸ್‌ಗೆ ಕಾರಿನಲ್ಲಿ ಹೊರಟಿದ್ದಾಗ ತಮ್ಮ ಹೇಳಿದ, ಅಣ್ಣ ಹಿಡಿದುಕೊಂಡ. ತಮ್ಮ ಅದನ್ನು ಸಣ್ಣ ಕಥೆಯಾಗಿ ಬರೆದರೆ ಅಣ್ಣ ಚಿತ್ರಕಥೆ ಮಾಡಿದ.

ನಾಯಕ ಲೆನರ್ಡ್ ಶೆಲ್ಬಿ. ಗೈ ಪಿಯರ್ಸ್ ಈ ಪಾತ್ರ ಮಾಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ವಿಮಾ ಕಂಪನಿಯೊಂದರಲ್ಲಿ ಕ್ಲೇಮುಗಳ ತನಿಖೆ ಮಾಡುತ್ತಿದ್ದವನು. ಒಂದು ರಾತ್ರಿ ಮನೆಗೆ ನುಗ್ಗಿದವರು ಹೆಂಡತಿಯ ಮೇಲೆ ಅತ್ಯಾಚಾರ ಮಾಡಿ, ಅಡ್ಡ ಬಂದ ಇವನ ತಲೆಗೆ ಹೊಡೆಯುತ್ತಾರೆ. ಆ ಪೆಟ್ಟಿಗಿಂತ ಹಿಂದಿನದೆಲ್ಲ ಅವನಿಗೆ ನೆನಪಿದೆ. ತನ್ನ ಹೆಸರು, ಊರು, ಕೆಲಸ, ಹೆಂಡತಿಯ ಮುಖ, ಯಾವುದೂ ಅಳಿಸಿಲ್ಲ. ಆಮೇಲಿನದು ಮಾತ್ರ ಒಂದೂ ನಿಲ್ಲುವುದಿಲ್ಲ. ಎದುರಿಗೆ ಕೂತವರ ಜೊತೆ ಆಡುತ್ತಿರುವ ಮಾತಿನ ತುದಿ ತಲುಪುವಷ್ಟರಲ್ಲಿ ಬುಡ ಮರೆತಿರುತ್ತದೆ. ಇಂಥವನು ಹೆಂಡತಿಯನ್ನು ಕೊಂದವನನ್ನು ಹುಡುಕಿ ಕೊಲ್ಲಲು ಹೊರಟಿದ್ದಾನೆ. ಕೊಂದವನ ಹೆಸರು ಜಾನ್ ಅಥವಾ ಜೇಮ್ಸ್, ಮನೆತನದ ಹೆಸರು ‘ಜಿ’ ಅಕ್ಷರದಿಂದ ಶುರು.

ನೆನಪಿಲ್ಲದವನು ಪತ್ತೇದಾರಿ ಮಾಡುವುದು ಹೇಗೆ? ಪೊಲರಾಯ್ಡ್ ತೆಗೆದು ಕೆಳಗೆ ಷರಾ ಬರೆಯುತ್ತಾನೆ: ಇದು ನನ್ನ ಕಾರು, ಇದು ನನ್ನ ಮೋಟೆಲ್, ಇವನ ಸುಳ್ಳು ನಂಬಬೇಡ. ಕಾಗದ ಕಳೆದುಹೋಗಬಹುದು, ಆದ್ದರಿಂದ ಮುಖ್ಯವಾದದ್ದನ್ನು ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಾನೆ. ಎದೆಯ ಮೇಲಿನ ಬರಹ ತಿರುವುಮುರುವು, ಕನ್ನಡಿಯಲ್ಲಿ ನೋಡಿದರೆ ಮಾತ್ರ ಓದಲು ಬರುತ್ತದೆ. ನಮ್ಮ ಅಜ್ಜಿಯರು ಏನನ್ನಾದರೂ ಮರೆಯಬಾರದೆಂದು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರಲ್ಲ, ಲೆನರ್ಡನ ಇಡೀ ಮೈ ಆ ಸೆರಗು. ಅಜ್ಜಿಗೆ ಆಗುತ್ತಿದ್ದ ಪಜೀತಿಯೇ ಇವನಿಗೂ. ಗಂಟು ಇದೆ, ಯಾಕೆ ಹಾಕಿದ್ದು ಎಂಬುದು ಗೊತ್ತಿಲ್ಲ.

ಇದು ನ್ವಾರ್ ಜಾತಿಯ ಚಿತ್ರ. 1940ರ ದಶಕದ ಅಮೆರಿಕದಲ್ಲಿ ಬೆಳೆದ ಅಪರಾಧ ಚಿತ್ರಗಳ ವಂಶ ಇದು. ಬಾಡಿಗೆ ಕೋಣೆ, ಕಿಟಕಿಯ ಪಟ್ಟಿಗಳ ನೆರಳು, ಗುಟ್ಟು ಬಚ್ಚಿಟ್ಟ ಹೆಂಗಸು, ತಾನೇ ತೋಡಿದ ಹಳ್ಳಕ್ಕೆ ನಡೆದುಹೋಗುವ ಗಂಡಸು. ಆ ವಂಶದ ಹಳೆಯ ಚಿತ್ರಗಳಲ್ಲಿ ಅಂಗವೈಕಲ್ಯ ಹೇಗೆ ಬಂದಿದೆ ಎಂದು ನೋಡಿದರೆ ಬೇಸರವಾಗುತ್ತದೆ. ಬಿಲ್ಲಿ ವೈಲ್ಡರ್‌ನ 1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ ಕಾಲು ಮುರಿದ ಗಂಡನನ್ನು ಕೊಂದ ವಿಮಾ ಏಜೆಂಟು ಅವನದೇ ಊರುಗೋಲು ಹಿಡಿದು, ಕಾಲಿಗೆ ಪಟ್ಟಿ ಕಟ್ಟಿಕೊಂಡು, ಅವನ ಹೆಸರಿನಲ್ಲಿ ರೈಲು ಹತ್ತುತ್ತಾನೆ. ಊರುಗೋಲು ಕಂಡವರು ಮುಖ ನೋಡುವುದಿಲ್ಲ. ಸಂಚು ನಿಂತಿರುವುದೇ ಆ ನಂಬಿಕೆಯ ಮೇಲೆ. 1947ರ ‘ಕಿಸ್ ಆಫ್ ಡೆತ್’ನಲ್ಲಿ ಗಾಲಿಕುರ್ಚಿಯ ಮುದುಕಿಯನ್ನು ಕೊಲೆಗಾರ ಮೆಟ್ಟಿಲ ಮೇಲಿನಿಂದ ತಳ್ಳುತ್ತಾನೆ. ಅವಳು ಅಲ್ಲಿರುವುದೇ ಅವನ ಕ್ರೌರ್ಯಕ್ಕೆ ಸಾಕ್ಷಿಯಾಗಲು. ‘ದ ಬ್ಲೂ ಡೇಲಿಯ’ದ ಸಂಗತಿ ಇನ್ನೂ ವಿಚಿತ್ರ. ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದು ಆಗಾಗ ನೆನಪು ಹಾರಿಹೋಗುವ ಸೈನಿಕನೊಬ್ಬ ಅದರಲ್ಲಿದ್ದಾನೆ. ಚಿತ್ರಕಥೆ ಬರೆದ ರೇಮಂಡ್ ಚಾಂಡ್ಲರ್ ಅವನನ್ನೇ ಕೊಲೆಗಾರ ಮಾಡಿದ್ದರು. ನಮ್ಮ ಸೈನಿಕನನ್ನು ಹೀಗೆ ತೋರಿಸಬೇಡಿ ಎಂದು ಅಮೆರಿಕದ ನೌಕಾಪಡೆ ಆಕ್ಷೇಪಿಸಿತು, ಕೊಲೆಯನ್ನು ಬೇರೊಬ್ಬನ ತಲೆಗೆ ಕಟ್ಟಿದರು. ಈ ಮೂರರಲ್ಲೂ ವೈಕಲ್ಯ ಇರುವುದು ಸಂಚಿಗೆ, ಭಯಕ್ಕೆ, ಇಲ್ಲವೇ ಅನುಮಾನಕ್ಕೆ. ಆ ಮನುಷ್ಯನ ಕಣ್ಣಿನಿಂದ ಲೋಕ ಹೇಗೆ ಕಾಣುತ್ತದೆ ಎಂದು ಯಾವುದೂ ತೋರಿಸುವುದಿಲ್ಲ.

ನೋಲನ್ ಬೇರೆ ಮಾಡಿದ್ದು ಇಲ್ಲಿ. ಲೆನರ್ಡನ ಸ್ಥಿತಿಯನ್ನು ನಮಗೆ ವಿವರಿಸುವ ಬದಲು ನಮಗೇ ಅಂಟಿಸಿಬಿಟ್ಟರು. ಬಣ್ಣದ ದೃಶ್ಯಗಳು ಹಿಂದುಮುಂದಾಗಿ ಬರುತ್ತವೆ. ಮೊದಲು ಕೊನೆಯ ಘಟನೆ, ಆಮೇಲೆ ಅದಕ್ಕಿಂತ ಸ್ವಲ್ಪ ಹಿಂದಿನದು, ಆಮೇಲೆ ಇನ್ನೂ ಹಿಂದಿನದು. ಒಂದು ದೃಶ್ಯ ತೆರೆದಾಗ ಅದಕ್ಕೆ ಮುಂಚೆ ಏನಾಯಿತೆಂದು ಲೆನರ್ಡನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅವನು ಓಡುತ್ತಿದ್ದಾನೆ, ಪಕ್ಕದಲ್ಲಿ ಇನ್ನೊಬ್ಬ ಓಡುತ್ತಿದ್ದಾನೆ. ನಾನು ಇವನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಅಷ್ಟರಲ್ಲಿ ಆ ಇನ್ನೊಬ್ಬ ಇವನ ಕಡೆಗೇ ಗುಂಡು ಹಾರಿಸುತ್ತಾನೆ. ಓಹೋ, ಅಟ್ಟಿಸಿಕೊಂಡು ಬರುತ್ತಿರುವವನು ಅವನು! ನಾವು ನಗುತ್ತೇವೆ. ಆದರೆ ಉತ್ತರ ನಮಗೂ ತಿಳಿದಿರಲಿಲ್ಲವಲ್ಲ, ಆದ್ದರಿಂದ ಆ ನಗೆ ಅವನ ಮೇಲಿನದಾಗುವುದಿಲ್ಲ. ಸಂಕಲನಕಾರ್ತಿ ಡೋಡಿ ಡಾರ್ನ್ ಪ್ರತಿ ದೃಶ್ಯದ ತುದಿಯನ್ನು ಹಿಂದೆ ನೋಡಿದ ದೃಶ್ಯದ ಬುಡಕ್ಕೆ ಒಂದೆರಡು ಕ್ಷಣ ಮಾತ್ರ ತಾಗುವಂತೆ ಕೂಡಿಸಿದ್ದಾರೆ. ಕೊಂಡಿ ಇರುವುದು ಅಷ್ಟೇ. ಕಣ್ಣು ಮಿಟುಕಿಸಿದರೆ ತಪ್ಪಿತು. ಸಂಕಲನಕ್ಕೂ ಚಿತ್ರಕಥೆಗೂ ಆಸ್ಕರ್ ನಾಮನಿರ್ದೇಶನ ಬಂದಿತ್ತು.

ಈ ಬಣ್ಣದ ತುಣುಕುಗಳ ನಡುನಡುವೆ ಕಪ್ಪು-ಬಿಳುಪಿನ ದೃಶ್ಯಗಳಿವೆ. ಅವು ನೇರವಾಗಿ ಮುಂದಕ್ಕೆ ನಡೆಯುತ್ತವೆ. ಬಾನುಲಿಯಲ್ಲಿ ಕೂತು ಈ ಮಾತು ಹೇಳಲು ನನಗೆ ಖುಷಿ: ಆ ಭಾಗ ಬಹುಮಟ್ಟಿಗೆ ಒಂದು ಬಾನುಲಿ ನಾಟಕ. ಮೋಟೆಲ್ ಕೋಣೆಯ ಹಾಸಿಗೆಯ ಮೇಲೆ ಕೂತು ಲೆನರ್ಡ್ ಫೋನಿನಲ್ಲಿ ಮಾತಾಡುತ್ತಿದ್ದಾನೆ. ಆ ಕಡೆ ಯಾರು ಇದ್ದಾರೆಂದು ಅವನಿಗೆ ತಿಳಿಯದು, ನಮಗೂ ತಿಳಿಯದು. ಮಾತಾಡುತ್ತಾ ತೋಳಿನ ಪಟ್ಟಿ ಬಿಚ್ಚುತ್ತಾನೆ. ಕೆಳಗೊಂದು ಹಚ್ಚೆ: ಫೋನು ಎತ್ತಲೇಬೇಡ. ಕೊನೆಯಲ್ಲಿ ಈ ಎರಡು ಹರಿವೂ ಒಂದೆಡೆ ಕೂಡುತ್ತವೆ. ಅವನು ಒಂದು ಪೊಲರಾಯ್ಡ್ ತೆಗೆಯುತ್ತಾನೆ, ಫೋಟೋ ಮೂಡುತ್ತಿದ್ದ ಹಾಗೆ ಕಪ್ಪು-ಬಿಳುಪು ಸದ್ದಿಲ್ಲದೆ ಬಣ್ಣಕ್ಕೆ ತಿರುಗುತ್ತದೆ.

ಫೋನಿನಲ್ಲಿ ಅವನು ಹೇಳುತ್ತಿರುವುದು ಸ್ಯಾಮಿ ಜಾಂಕಿಸ್ ಎಂಬವನ ಕಥೆ. ಈ ಚಿತ್ರದ ನಿಜವಾದ ಹೂರಣ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಸ್ಯಾಮಿ ಲೆಕ್ಕಪತ್ರ ಬರೆಯುತ್ತಿದ್ದವನು. ಕಾರು ಅಪಘಾತವಾಗಿ ಇದೇ ಬಗೆಯ ಮರೆವು ಬಂತು. ಚಿಕಿತ್ಸೆಗೆ ವಿಮೆ ಕೇಳಿದರು. ತನಿಖೆಗೆ ಬಂದವನು ಯಾರು? ಆಗ ತಲೆ ನೆಟ್ಟಗಿದ್ದ ಲೆನರ್ಡ್. ಸ್ಯಾಮಿಯ ಮುಂದೆ ಹಲವು ಆಕಾರದ ತುಂಡುಗಳನ್ನಿಟ್ಟು ಮೂರನ್ನು ಎತ್ತಿಕೋ ಎನ್ನುತ್ತಾರೆ. ಕೆಲವಕ್ಕೆ ಕರೆಂಟು ಹರಿಸಿದ್ದಾರೆ. ಮುಟ್ಟಿದರೆ ಶಾಕ್. ನೆನಪು ಹೋದವನಿಗೂ ದಿನ ಕಳೆದಂತೆ ಕೈ ತಾನಾಗಿ ಆ ತುಂಡುಗಳನ್ನು ಬಿಡಬೇಕು ಎಂಬುದು ಅವರ ಎಣಿಕೆ. ಸ್ಯಾಮಿ ಪ್ರತಿಸಲವೂ ಮುಟ್ಟುತ್ತಾನೆ, ಪ್ರತಿಸಲವೂ ಬೆಚ್ಚಿ ಬಯ್ಯುತ್ತಾನೆ. ಲೆನರ್ಡನ ವರದಿ ಹೀಗೆ: ತೊಂದರೆ ಮೆದುಳಿನಲ್ಲಿಲ್ಲ, ಮನಸ್ಸಿನಲ್ಲಿದೆ, ಮನಸ್ಸಿನ ಕಾಯಿಲೆಗೆ ಪಾಲಿಸಿ ಅನ್ವಯಿಸದು. ಕ್ಲೇಮು ತಿರಸ್ಕೃತ. ಅವನಿಗೆ ಬಡ್ತಿ.

ಸ್ಯಾಮಿಯ ಹೆಂಡತಿಗೆ ಈ ವರದಿ ವಿಷವಾಗುತ್ತದೆ. ಗಂಡ ನಟಿಸುತ್ತಿದ್ದಾನೋ ಏನೋ ಎಂಬ ಅನುಮಾನ. ಆಕೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚುವವನು ಸ್ಯಾಮಿಯೇ. ಒಂದು ದಿನ ಇಂಜೆಕ್ಷನ್ ಆದಮೇಲೆ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿ ‘ಇಂಜೆಕ್ಷನ್ ಹೊತ್ತಾಯಿತು’ ಎನ್ನುತ್ತಾಳೆ. ಅವನು ಪ್ರೀತಿಯಿಂದ ಮತ್ತೆ ಚುಚ್ಚುತ್ತಾನೆ. ಮತ್ತೆ ತಿರುಗಿಸುತ್ತಾಳೆ. ಮತ್ತೆ. ನಟನೆಯಾಗಿದ್ದರೆ ನಿಲ್ಲಿಸುತ್ತಾನೆ ಎಂಬ ಆಸೆ ಅವಳಿಗೆ. ಅವನು ನಿಲ್ಲಿಸುವುದಿಲ್ಲ. ಸ್ಟೀಫನ್ ಟೊಬೊಲೊವ್‌ಸ್ಕಿ ಮತ್ತು ಹ್ಯಾರಿಯೆಟ್ ಸ್ಯಾನ್ಸಮ್ ಹ್ಯಾರಿಸ್ ಮಾಡಿರುವ ಈ ದೃಶ್ಯದಲ್ಲಿ ಕೂಗಾಟವಿಲ್ಲ, ಅಳುವಿಲ್ಲ. ಸಿರಿಂಜು, ಗಡಿಯಾರ, ಗಂಡನ ನಿರುಪದ್ರವಿ ಮುಖ, ಇಷ್ಟೇ ಇದೆ.

ಅಂಗವಿಕಲರ ಬದುಕನ್ನು ಹತ್ತಿರದಿಂದ ಕಂಡವರಿಗೆ ಈ ಪರೀಕ್ಷೆ ಹೊಸತಲ್ಲ. ಕಣ್ಣಿಗೆ ಕಾಣದ ವೈಕಲ್ಯವಿರುವವರು ಜೀವನವಿಡೀ ತಮ್ಮ ವೈಕಲ್ಯಕ್ಕೆ ರುಜುವಾತು ಒದಗಿಸುತ್ತಲೇ ಇರಬೇಕು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮೀಸಲಾತಿಯಂಥ ಸೌಲಭ್ಯಕ್ಕೆ ಶೇಕಡಾ 40 ಎಂದು ಪ್ರಮಾಣಪತ್ರ ಬೇಕು. ತಲೆಗೆ ಪೆಟ್ಟು ಬಿದ್ದು ನೆನಪು ಹೋಗುವುದು ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಾಗಿ ಇಲ್ಲ. ಮರೆವಿಗೆ ಶೇಕಡಾ ಎಷ್ಟು ಎಂದು ಅಳೆಯುವ ಮೇಜಿನ ಆಚೆ ಕೂತವನು ತಾನೇ ಈಚೆ ಬಂದು ಕೂತರೆ ಹೇಗಿರುತ್ತದೆ? ‘ಮೆಮೆಂಟೋ’ ಆ ಪ್ರಶ್ನೆಯ ಮೇಲೆ ಕಟ್ಟಿದ ಕಥೆ.

ಲೆನರ್ಡನನ್ನೂ ಪರೀಕ್ಷಿಸುತ್ತಾರೆ. ಬಾರಿನಲ್ಲಿ ಕೆಲಸ ಮಾಡುವ ನ್ಯಾಟಲಿ, ಇದು ಕ್ಯಾರಿ-ಆನ್ ಮಾಸ್ ಮಾಡಿದ ಪಾತ್ರ, ಬಿಯರ್ ಮಗ್ಗಿಗೆ ಗಿರಾಕಿಯೊಬ್ಬನಿಂದ ಉಗುಳಿಸುತ್ತಾಳೆ, ಲೆನರ್ಡನಿಂದಲೂ ಉಗುಳಿಸುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ಅದೇ ಮಗ್ಗನ್ನು ಅವನ ಮುಂದೆ ಇಡುತ್ತಾಳೆ. ಅವನು ಕುಡಿಯುತ್ತಾನೆ. ಸರಿ, ಇವನ ಮರೆವು ನಿಜ ಎಂದು ಅವಳಿಗೆ ಖಾತ್ರಿಯಾಗುತ್ತದೆ. ಮೋಟೆಲ್ ಗುಮಾಸ್ತ ಬರ್ಟ್ ಇವನಿಗೆ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದಾನೆ. ಸಿಕ್ಕಿಬಿದ್ದಾಗ ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ, ಹೇಗೂ ನಿನಗೆ ನೆನಪಿರುವುದಿಲ್ಲವಲ್ಲ ಎಂದು. ಎದುರಿಗೇ ಇಷ್ಟು ಪ್ರಾಮಾಣಿಕವಾಗಿ ಟೋಪಿ ಹಾಕುವವರನ್ನು ಬೇರೆ ಯಾವ ಚಿತ್ರದಲ್ಲೂ ನಾನು ಕಂಡಿಲ್ಲ.

ಇದಕ್ಕಿಂತ ಕ್ರೂರವಾದ ಇನ್ನೊಂದು ದೃಶ್ಯವಿದೆ. ನ್ಯಾಟಲಿ ತನ್ನ ಮನೆಯಲ್ಲಿರುವ ಪೆನ್ನು ಪೆನ್ಸಿಲ್ಲುಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿಕೊಳ್ಳುತ್ತಾಳೆ. ಆಮೇಲೆ ಲೆನರ್ಡನ ಸತ್ತ ಹೆಂಡತಿಯ ಬಗ್ಗೆ ಹೊಲಸು ಮಾತಾಡಿ ಕೆಣಕುತ್ತಾಳೆ. ಅವನು ಹೊಡೆಯುತ್ತಾನೆ. ನಗುತ್ತಾ ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತುಬಿಡುತ್ತಾಳೆ. ಒಳಗೆ ಅವನು ಬರೆದಿಟ್ಟುಕೊಳ್ಳಲು ಪೆನ್ನಿಗಾಗಿ ತಡಕಾಡುತ್ತಿದ್ದಾನೆ, ಮರೆಯಬೇಡ ಮರೆಯಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ. ಅವಳು ಕಾರಿನ ಬಾಗಿಲನ್ನು ದಡಾರನೆ ಹಾಕಿ ಒಳಗೆ ಬರುತ್ತಾಳೆ. ಅಷ್ಟೇ, ಅವನ ತಲೆ ಖಾಲಿ. ತುಟಿಯಲ್ಲಿ ರಕ್ತ ಸುರಿಸುತ್ತಾ ನಿಂತವಳನ್ನು ಕಂಡು, ಯಾರು ಹೊಡೆದರು ಎಂದು ಕನಿಕರದಿಂದ ಕೇಳುತ್ತಾನೆ. ಡಾಡ್ ಎಂಬವನ ಹೆಸರು ಹೇಳಿ ಅವನ ಮೇಲೆ ಇವನನ್ನು ಛೂ ಬಿಡುತ್ತಾಳೆ. ಚಿತ್ರ ಹಿಂದುಮುಂದಾಗಿರುವುದರಿಂದ ನಾವು ಮೊದಲು ಕಾಣುವುದು ಗಾಯಗೊಂಡ ಹೆಂಗಸನ್ನು. ನಾವೂ ಕನಿಕರಪಟ್ಟಿರುತ್ತೇವೆ. ನಿಜ ಗೊತ್ತಾಗುವುದು ಆಮೇಲೆ.

ಈ ಮರೆವು ವೈದ್ಯಲೋಕಕ್ಕೆ ಗೊತ್ತಿರುವುದೇ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1953ರಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮೂರ್ಛೆರೋಗ ನಿಲ್ಲಲೆಂದು ಮೆದುಳಿನ ಎರಡೂ ಪಕ್ಕದಿಂದ ಹಿಪೋಕ್ಯಾಂಪಸ್ ಎಂಬ ಭಾಗದ ಹೆಚ್ಚಿನಂಶವನ್ನೂ ಅದರ ಸುತ್ತಲಿನದನ್ನೂ ತೆಗೆದರು. ಮೂರ್ಛೆ ಬಹಳಷ್ಟು ಹತೋಟಿಗೆ ಬಂತು, ಹೊಸ ನೆನಪು ಕೂಡಿಕೊಳ್ಳುವುದು ನಿಂತೇಹೋಯಿತು. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಹಿಂದೆ ಇದನ್ನು ಮಾಡಿದ್ದೇನೆ ಎಂಬ ನೆನಪು ಮಾತ್ರ ಅವನಿಗೆ ಒಂದು ದಿನವೂ ಇರಲಿಲ್ಲ. ಕೈಯ ನೆನಪು ಬೇರೆ, ತಲೆಯ ನೆನಪು ಬೇರೆ ಎಂದು ಲೋಕಕ್ಕೆ ತಿಳಿದದ್ದು ಇಂಥ ಪರೀಕ್ಷೆಗಳಿಂದ. 2008ರಲ್ಲಿ ಸಾಯುವವರೆಗೂ ವೈದ್ಯ ಬರಹಗಳಲ್ಲಿ ಆ ಮನುಷ್ಯನ ಗುರುತು ಎಚ್.ಎಂ. ಎಂಬ ಎರಡಕ್ಷರ ಮಾತ್ರ.

ಸಿನಿಮಾದವರ ಮರೆವು ಇನ್ನೊಂದು ಬಗೆಯದು. ತಲೆಗೆ ಪೆಟ್ಟು ಬಿದ್ದರೆ ಹೆಸರೇ ಮರೆತುಹೋಗುತ್ತದೆ, ಇನ್ನೊಂದು ಪೆಟ್ಟು ಬಿದ್ದರೆ ಎಲ್ಲ ವಾಪಸ್ಸು ಬರುತ್ತದೆ. ನಮ್ಮ ಚಿತ್ರಗಳಲ್ಲಿ ಈ ಎರಡನೇ ಪೆಟ್ಟು ಕ್ಲೈಮ್ಯಾಕ್ಸಿಗೆ ಸರಿಯಾಗಿ ಬೀಳುತ್ತದೆ. ಸ್ಯಾಲಿ ಬಾಕ್ಸೆಂಡೇಲ್ ಎಂಬ ನರಮನೋವಿಜ್ಞಾನಿ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ ಚಿತ್ರಗಳನ್ನೆಲ್ಲ ತೂಗಿನೋಡಿ, ಸರಿಯಾಗಿ ತೋರಿಸಿದ ಕೆಲವೇ ಚಿತ್ರಗಳಲ್ಲಿ ‘ಮೆಮೆಂಟೋ’ವನ್ನು ಸೇರಿಸಿದ್ದರು.

ಇನ್ನು ಗುರುತಿನ ಮಾತು. ಲೆನರ್ಡನಿಗೆ ತಾನು ಯಾರೆಂದು ಚೆನ್ನಾಗಿ ಗೊತ್ತು ಎಂಬ ನಂಬಿಕೆ ಇದೆ. ಆದರೆ ಅವನು ತೊಟ್ಟಿರುವ ಒಳ್ಳೆಯ ಸೂಟು ಅವನದಲ್ಲ, ಓಡಿಸುವ ಜಾಗ್ವಾರ್ ಕಾರೂ ಅವನದಲ್ಲ. ಎರಡೂ ಅವನೇ ಕೊಂದ ಒಬ್ಬ ಮಾದಕವಸ್ತು ವ್ಯಾಪಾರಿಯದು. ಸತ್ತವನ ಬಟ್ಟೆಯಲ್ಲಿ ಸತ್ತವನ ಗೆಳತಿಯ ಮುಂದೆಯೇ ಹೋಗಿ ಕೂರುತ್ತಾನೆ. ಆ ಗೆಳತಿ ನ್ಯಾಟಲಿ.

ಇಲ್ಲಿಂದ ಮುಂದೆ ಗುಟ್ಟು ಬಿಚ್ಚುತ್ತೇನೆ, ಚಿತ್ರ ನೋಡದವರು ಎರಡು ನಿಮಿಷ ರೇಡಿಯೋದ ದನಿ ತಗ್ಗಿಸಬಹುದು. ಕೊನೆಯಲ್ಲಿ ಟೆಡ್ಡಿ ಎಂಬ ಪೊಲೀಸಿನವನು, ಪಾತ್ರಧಾರಿ ಜೋ ಪ್ಯಾಂಟೊಲಿಯಾನೊ, ಎಲ್ಲವನ್ನೂ ತಲೆಕೆಳಗು ಮಾಡುತ್ತಾನೆ. ನಿನ್ನ ಜಾನ್ ಜಿ.ಯನ್ನು ನೀನು ಯಾವಾಗಲೋ ಕೊಂದಾಯಿತು, ಆ ಹೊತ್ತಿನ ನಗುವ ಫೋಟೋ ಇಲ್ಲಿದೆ. ನಿನ್ನ ಹೆಂಡತಿ ಆ ರಾತ್ರಿ ಸಾಯಲಿಲ್ಲ. ಸಕ್ಕರೆ ಕಾಯಿಲೆ ಇದ್ದದ್ದು ನಿನ್ನ ಹೆಂಡತಿಗೆ, ಸ್ಯಾಮಿಗೆ ಹೆಂಡತಿಯೇ ಇರಲಿಲ್ಲ. ಟೆಡ್ಡಿಯೂ ಇವನ ಮರೆವನ್ನು ತನ್ನ ಲಾಭಕ್ಕೆ ಬಳಸಿಕೊಂಡವನೇ, ಅವನ ಮಾತನ್ನು ಪೂರಾ ನಂಬುವಂತಿಲ್ಲ. ಆದರೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತ ಸ್ಯಾಮಿಯ ಜಾಗದಲ್ಲಿ ಒಂದೇ ಕ್ಷಣ ಲೆನರ್ಡ್ ಕೂತಂತೆ ನೋಲನ್ ತೋರಿಸಿಬಿಟ್ಟಿದ್ದಾರೆ. ಈಗ ಲೆನರ್ಡ್ ಏನು ಮಾಡುತ್ತಾನೆ? ತಾನು ಇದನ್ನು ಇನ್ನು ಕೆಲವು ನಿಮಿಷಗಳಲ್ಲಿ ಮರೆಯುತ್ತೇನೆ ಎಂದು ಅವನಿಗೆ ಗೊತ್ತು. ಟೆಡ್ಡಿಯ ಫೋಟೋದ ಕೆಳಗೆ, ಇವನ ಸುಳ್ಳು ನಂಬಬೇಡ ಎಂದು ಬರೆಯುತ್ತಾನೆ. ಅವನ ಕಾರಿನ ನಂಬರನ್ನು ಕೊಲೆಗಾರನ ಕಾರಿನ ನಂಬರೆಂದು ಗುರುತು ಮಾಡಿಕೊಂಡು ಹಚ್ಚೆ ಅಂಗಡಿಗೆ ಹೋಗುತ್ತಾನೆ. ನಾಳೆಯ ತನಗೆ ಇಂದಿನ ತಾನೇ ಬೇಕೆಂತಲೇ ಸುಳ್ಳು ಹೇಳುತ್ತಾನೆ. ಚಿತ್ರದ ಮೊದಲ ದೃಶ್ಯದಲ್ಲಿ ಗುಂಡು ತಿಂದವನು ಈ ಟೆಡ್ಡಿ.

ಇಲ್ಲೊಂದು ತಕರಾರು ಏಳುತ್ತದೆ, ಅದು ನ್ಯಾಯವಾದದ್ದೇ. ಅಂಗವಿಕಲನನ್ನು ಕೊಲೆಗಾರ ಮಾಡಿದಿರಿ, ಚಾಂಡ್ಲರ್‌ಗೆ ನೌಕಾಪಡೆ ಬೇಡ ಎಂದದ್ದನ್ನೇ ನೀವು ಮಾಡಿದಿರಿ ಎಂದು ನೋಲನ್‌ಗೆ ಹೇಳಬಹುದು. ನನ್ನ ಉತ್ತರ ಇದು. ಲೆನರ್ಡ್ ಕೊಲ್ಲುವುದು ಮರೆವಿನಿಂದಲ್ಲ. ಪೆನ್ನು ಹಿಡಿದ ಆ ಒಂದು ನಿಮಿಷ ಅವನಿಗೆ ಎಲ್ಲವೂ ನೆನಪಿತ್ತು, ಆಗಲೇ ಅವನು ತೀರ್ಮಾನ ಮಾಡಿದ್ದು. ಕಾಯಿಲೆಯವನು, ಬಿಟ್ಟುಬಿಡಿ ಎನ್ನುವಂತಿಲ್ಲ. ಅಂಗವಿಕಲರನ್ನು ಪಾಪದವರೋ ಸಂತರೋ ಮಾಡಿ ಕೂರಿಸುವ ಚಿತ್ರಗಳ ನಡುವೆ, ತಪ್ಪು ಮಾಡುವ, ತಪ್ಪಿಗೆ ತಾನೇ ಹೊಣೆಯಾಗುವ ಒಬ್ಬ ಪೂರ್ಣ ಮನುಷ್ಯನನ್ನು ಈ ಚಿತ್ರ ಕೊಟ್ಟಿದೆ. ಅವನ ಹೆಂಡತಿಯ ವಿಷಯದಲ್ಲಿ ಮಾತ್ರ ನನ್ನ ತಕರಾರು ಉಳಿದೇ ಇದೆ. ಜೋರ್ಜಾ ಫಾಕ್ಸ್ ಮಾಡಿದ ಆ ಪಾತ್ರಕ್ಕೆ ಚೂರುಪಾರು ದೃಶ್ಯಗಳೇ ಗತಿ. ಗಂಡಸಿನ ಸೇಡಿಗೆ ನೆಪವಾಗಿ ಸಾಯುವ ಹೆಂಗಸು ನ್ವಾರ್‌ನ ಹಳೇ ಚಾಳಿ, ನೋಲನ್ ಅದನ್ನು ಬಿಡಲಿಲ್ಲ.

ನಮ್ಮಲ್ಲಿ ಬಹಳ ಜನ ಈ ಕಥೆಯ ನೆರಳನ್ನು ‘ಗಜಿನಿ’ಯಲ್ಲಿ ಕಂಡಿದ್ದಾರೆ. ಎ.ಆರ್. ಮುರುಗದಾಸ್ 2005ರಲ್ಲಿ ತಮಿಳಿನಲ್ಲಿ ಸೂರ್ಯ ಅವರನ್ನು, 2008ರಲ್ಲಿ ಹಿಂದಿಯಲ್ಲಿ ಆಮಿರ್ ಖಾನ್ ಅವರನ್ನು ಹಾಕಿಕೊಂಡು ತೆಗೆದರು. ಹಚ್ಚೆ ಇದೆ, ಪೊಲರಾಯ್ಡ್ ಇದೆ, ಹದಿನೈದು ನಿಮಿಷದ ನೆನಪಿದೆ. ಅನುಮಾನ ಮಾತ್ರ ಇಲ್ಲ. ಖಳನಾಯಕ ಖಳನಾಯಕನೇ, ನಾಯಕ ಬರೆದುಕೊಂಡದ್ದೆಲ್ಲ ನಿಜವೇ. ನಾಯಕಿ ಅಸಿನ್ ಅವರ ಪಾತ್ರಕ್ಕೆ ಅಲ್ಲಿ ಜೀವ ತುಂಬಿದ್ದಾರೆ, ಅಷ್ಟರಮಟ್ಟಿಗೆ ಅದು ಮೂಲಕ್ಕಿಂತ ಮೇಲು. ಆದರೆ ಮೂಲದ ಮುಳ್ಳನ್ನೇ ಕಿತ್ತುಹಾಕಿದ್ದಾರೆ.

25 ದಿನಗಳಲ್ಲಿ ಚಿತ್ರೀಕರಣ ಮುಗಿಸಿದ ‘ಮೆಮೆಂಟೋ’ವನ್ನು ಅಮೆರಿಕದ ವಿತರಕರಿಗೆ ತೋರಿಸಿದಾಗ ಎಲ್ಲರೂ ಮೆಚ್ಚಿದರು, ಯಾರೂ ಕೊಳ್ಳಲಿಲ್ಲ. ಪ್ರೇಕ್ಷಕರಿಗೆ ತಲೆಬುಡ ತಿಳಿಯುವುದಿಲ್ಲ ಎಂಬ ಭಯ. ಹಣ ಹಾಕಿದ್ದ ನ್ಯೂಮಾರ್ಕೆಟ್ ಸಂಸ್ಥೆ ತಾನೇ ಬಿಡುಗಡೆಗೆ ಇಳಿಯಿತು. 2001ರ ಮಾರ್ಚಿನಲ್ಲಿ 11 ಚಿತ್ರಮಂದಿರಗಳಲ್ಲಿ ತೆರೆಕಂಡದ್ದು ಬಾಯಿಮಾತಿನಿಂದಲೇ ಹಬ್ಬಿ 500 ದಾಟಿತು. ಒಂದು ಕೋಟಿ ಡಾಲರಿಗಿಂತ ಕಡಿಮೆ ವೆಚ್ಚದ ಚಿತ್ರ ಲೋಕವಿಡೀ ಸೇರಿ ಸುಮಾರು ನಾಲ್ಕು ಕೋಟಿ ಡಾಲರ್ ಗಳಿಸಿತು. ಪ್ರೇಕ್ಷಕರ ತಲೆಯನ್ನು ವಿತರಕರು ಅಳೆಯಬಾರದು ಎಂಬುದಕ್ಕೆ ನಮ್ಮಲ್ಲೂ ಉದಾಹರಣೆ ಉಂಟು. ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿ 2013ರಲ್ಲಿ ತೆರೆಗೆ ತಂದ ‘ಲೂಸಿಯಾ’ ಬಣ್ಣ ಮತ್ತು ಕಪ್ಪು-ಬಿಳುಪನ್ನು ಹೆಣೆದು ಕನಸು ಯಾವುದು ನಿಜ ಯಾವುದು ಎಂದು ಕೇಳಿತ್ತು, ಕನ್ನಡಿಗರು ಕೂತು ನೋಡಿದರು.

ಕೊನೆಗೊಂದು ಸಲಹೆ. ‘ಮೆಮೆಂಟೋ’ದ ಒಂದು ಡಿವಿಡಿಯಲ್ಲಿ ಘಟನೆಗಳನ್ನೆಲ್ಲ ನಡೆದ ಕ್ರಮದಲ್ಲೇ ಜೋಡಿಸಿದ ನೇರ ಆವೃತ್ತಿಯನ್ನು ಬಚ್ಚಿಟ್ಟಿದ್ದರು. ಅದು ನಿಮ್ಮ ಕೈಗೆ ಸಿಕ್ಕರೆ ದಯವಿಟ್ಟು ಮೊದಲು ನೋಡಬೇಡಿ. ನೇರ ಮಾಡಿದರೆ ಅದು ಮೋಸಹೋದ ಒಬ್ಬ ರೋಗಿಯ ಕಥೆ, ದೂರ ಕೂತು ಅಯ್ಯೋ ಎನ್ನಬಹುದು. ನೋಲನ್ ಮಾಡಿದಂತೆಯೇ, ನಡುವೆ ನಿಲ್ಲಿಸದೆ, ಹಿಂದಕ್ಕೆ ತಿರುಗಿಸದೆ, ಫೋನು ಪಕ್ಕಕ್ಕಿಟ್ಟು ನೋಡಿ. ಹೊಡೆದಾಟ, ರಕ್ತ, ಕೆಟ್ಟ ಬೈಗುಳ ಇವೆ, ಮಕ್ಕಳನ್ನು ಕೂರಿಸಿಕೊಳ್ಳಬೇಡಿ.